ಅಮ್ಮಿಯ ನೋಟ್‌ಬುಕ್ಕು ಮತ್ತು ನನ್ನ ಇಂಗ್ಲಿಷ್ ತರಗತಿ

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಪಠ್ಯ)

 

ಟ್ರಸ್ಟಿನ ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಸಮಿತಿಯ ಹಿರಿಯರೇ, ಮುಂದಿನ ಸಾಲಿನಲ್ಲಿರುವ ದಾನಿಗಳೇ, ಹಿಂದಿನ ಸಾಲುಗಳಲ್ಲಿ ಜೆರಾಕ್ಸ್ ಪ್ರತಿಗಳ ಕವರು ಹಿಡಿದುಕೊಂಡು ಕುಳಿತಿರುವ ತಂದೆ ತಾಯಂದಿರೇ, ತಮ್ಮ ತಂಗಿಯರೇ,

ಆ ಹಿಂದಿನ ಸಾಲಿನಲ್ಲಿ ನಾನು ಐದು ವರ್ಷ ಕುಳಿತಿದ್ದೇನೆ. ಪಿಯುಸಿಯ ಎರಡು ವರ್ಷ, ಬಿ.ಎ.ಯ ಮೂರು ವರ್ಷ. ಪಕ್ಕದಲ್ಲಿ ಅಮ್ಮಿ ಇರುತ್ತಿದ್ದರು. ನನ್ನ ಹೆಸರು ಕರೆದಾಗ ಎದ್ದು ಬಂದು ಚೆಕ್ಕು ತೆಗೆದುಕೊಂಡು, ಫೋಟೋಕ್ಕೆ ನಿಂತು, ಕೆಳಗಿಳಿದು ಹೋಗುತ್ತಿದ್ದೆ. ಈ ಮೈಕಿನ ಹತ್ತಿರ ಬಂದಿದ್ದು ಇವತ್ತೇ ಮೊದಲು. ಇಂಗ್ಲಿಷ್ ಸಾಹಿತ್ಯ ಓದಿದ ಅನುಭವದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಗಳು ಕೇಳಿದರು. ನಾನು ಒಂದು ತಪ್ಪಿನ ವಿಷಯ ಹೇಳುತ್ತೇನೆ. ತಪ್ಪು ನನ್ನದೇ.

ನಮ್ಮ ಮನೆ ಕಾಮಾಕ್ಷಿಪಾಳ್ಯದಲ್ಲಿತ್ತು. ಅಬ್ಬಾ ಅಲ್ಲೇ ಒಂದು ವೆಲ್ಡಿಂಗ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದರು. ಅಮ್ಮಿ ಮನೆಯಲ್ಲೇ ಸೀರೆಗಳಿಗೆ ಫಾಲ್ಸ್ ಹೊಲಿಯುವುದು, ಜಿಗ್‌ಜಾಗ್ ಮಾಡುವುದು, ಕುಚ್ಚು ಕಟ್ಟುವುದು. ಬಸವೇಶ್ವರನಗರ, ವಿಜಯನಗರ ಕಡೆಯ ಹೆಂಗಸರು ಮದುವೆ ಸೀಸನ್ನಿನಲ್ಲಿ ಚೀಲದ ತುಂಬ ಸೀರೆ ತಂದುಕೊಡುತ್ತಿದ್ದರು. ಮನೆಯಲ್ಲಿ ದಖನಿ ಮಾತು, ಶಾಲೆಯಲ್ಲಿ ಕನ್ನಡ ಮಾಧ್ಯಮ. ಇಂಗ್ಲಿಷ್ ಎಂದರೆ ದಿನಕ್ಕೆ ಒಂದು ಪಿರಿಯಡ್ಡು.

ಆ ಪಿರಿಯಡ್ಡಿನಲ್ಲಿ ನಾವು ಏನು ಬರೆಯುತ್ತಿದ್ದೆವು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ‘ನಾನು ನೋಡಿದ ಗಿರಿಧಾಮ’ ಎಂಬ ಪ್ರಬಂಧ ಬರಬಹುದು ಎಂದು ಗೈಡಿನಲ್ಲಿ ಇದ್ದುದನ್ನು ಬೋರ್ಡಿನ ಮೇಲೆ ಬರೆಸಿದರು. ನಮ್ಮ ಸೆಕ್ಷನ್ನಿನ ಎಲ್ಲ ಹುಡುಗಿಯರೂ ಅದನ್ನು ಬಾಯಿಪಾಠ ಮಾಡಿದೆವು. ಅದರ ಪ್ರಕಾರ ನಾವೆಲ್ಲರೂ ಕಳೆದ ಬೇಸಿಗೆ ರಜೆಯಲ್ಲಿ ಚಿಕ್ಕಪ್ಪನ ಕಾರಿನಲ್ಲಿ ಊಟಿಗೆ ಹೋಗಿದ್ದೆವು. ಎಲ್ಲರೂ ಬೆಳಗ್ಗೆ ಐದಕ್ಕೆ ಎದ್ದಿದ್ದೆವು. ಎಲ್ಲರಿಗೂ ದಾರಿಯಲ್ಲಿ ತುಂತುರು ಮಳೆ ಸಿಕ್ಕಿತ್ತು. ನಮ್ಮಲ್ಲಿ ಮುಕ್ಕಾಲು ಪಾಲು ಹುಡುಗಿಯರು ಮಾಗಡಿ ರೋಡಿನ ಟೋಲ್‌ಗೇಟ್ ದಾಟಿ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಹೋದದ್ದೇ ದೊಡ್ಡ ಪ್ರಯಾಣ. ಆದರೂ ಒಬ್ಬಳಿಗೂ ನಗು ಬರಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವುದು ಎಂದರೆ ಬೇರೆ ಯಾರದೋ ಬದುಕನ್ನು ತಪ್ಪಿಲ್ಲದೆ ಬರೆಯುವುದು ಎಂದೇ ನಾವು ತಿಳಿದಿದ್ದೆವು. ಮಾರ್ಕ್ಸೂ ಚೆನ್ನಾಗಿ ಬಂತು.

ಬಿ.ಎ.ಗೆ ವಿಜಯನಗರದ ಕಡೆಯ ಒಂದು ಕಾಲೇಜು ಸೇರಿದೆ. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡೆ. ಧೈರ್ಯ ಇತ್ತು ಎಂದಲ್ಲ. ಇಂಗ್ಲಿಷ್ ಬಂದರೆ ಕೆಲಸ ಸಿಗುತ್ತದೆ ಎಂದು ಅಬ್ಬಾ ಹೇಳಿದ್ದರು. ಮೊದಲ ತಿಂಗಳು ನಾನು ಬಾಯಿ ಬಿಡಲಿಲ್ಲ. ಮೇಡಂ ಒಂದು ಸಣ್ಣ ಕಥೆ ಓದಿಸಿ, ಈ ಹೆಂಗಸು ಬಾಗಿಲು ಯಾಕೆ ತೆಗೆಯಲಿಲ್ಲ ಎಂದು ಕೇಳುತ್ತಿದ್ದರು. ನಾವು ನೋಟ್ಸ್ ಕೊಡಿ ಮೇಡಂ ಅನ್ನುತ್ತಿದ್ದೆವು. ನೋಟ್ಸ್ ಆಮೇಲೆ ಕೊಡುತ್ತೇನೆ, ಮೊದಲು ಪುಟ ತೆರೆದು ನೋಡಿ, ಉತ್ತರ ಅಲ್ಲೇ ಇದೆಯೋ ಇಲ್ಲವೋ ಹೇಳಿ ಅನ್ನುತ್ತಿದ್ದರು. ಅವರ ಪಾಠ ಅಷ್ಟೇ. ಒಂದು ಪದ ಅಲ್ಲಿ ಯಾಕೆ ಇದೆ, ಅದನ್ನು ತೆಗೆದರೆ ಏನಾಗುತ್ತದೆ ಎಂದು ನೋಡುವುದು.

ಎರಡನೇ ತಿಂಗಳು ಒಂದು ಪುಟ ಬರೆದು ತನ್ನಿ ಎಂದರು. ವಿಷಯ, ನಿಮ್ಮ ಮನೆಯಲ್ಲಿ ಕೆಲಸ ಮಾಡುವ ಒಬ್ಬರು. ಗೈಡಿನಲ್ಲಿ ಅದು ಇರಲಿಲ್ಲ. ಆದರೆ ನನಗೆ ಇನ್ನೊಂದು ಬಗೆಯ ಬರವಣಿಗೆ ಚೆನ್ನಾಗಿ ಬರುತ್ತಿತ್ತು. ಅದನ್ನು ನಾನು ವಿದ್ಯಾರ್ಥಿವೇತನದ ಅರ್ಜಿ ಬರೆದು ಬರೆದು ಕಲಿತಿದ್ದೆ. ದಾನಿಗಳು ಬೇಸರ ಮಾಡಿಕೊಳ್ಳಬಾರದು, ಇದ್ದದ್ದು ಹೇಳುತ್ತಿದ್ದೇನೆ. ನಮ್ಮಂಥ ಮಕ್ಕಳಿಗೆ ಹನ್ನೆರಡನೇ ವಯಸ್ಸಿಗೇ ಕಷ್ಟವನ್ನು ಹೇಗೆ ಬರೆದರೆ ಓದಿದವರ ಮನಸ್ಸು ಕರಗುತ್ತದೆ ಎಂದು ಗೊತ್ತಾಗಿರುತ್ತದೆ. ಹಾಗೇ ಬರೆದೆ. ಮೊದಲ ವಾಕ್ಯದಲ್ಲೇ ನನ್ನ ತಾಯಿ ಬಡವಳು, ಅನಕ್ಷರಸ್ಥಳು ಎಂದೆ. ಎರಡನೇ ಪ್ಯಾರಾದಲ್ಲಿ ಅವರ ಕಣ್ಣು ನೋವು, ಬೆನ್ನು ನೋವು. ಮೂರನೇ ಪ್ಯಾರಾದಲ್ಲಿ ದಿನಕ್ಕೆ ಎಷ್ಟು ಸೀರೆ ಬರುತ್ತವೆ, ಅವನ್ನೆಲ್ಲ ತಮ್ಮ ನೋಟ್‌ಬುಕ್ಕಿನಲ್ಲಿ ಹೇಗೆ ಬರೆದಿಡುತ್ತಾರೆ ಎಂದು ಒಂದು ಸಾಲು.

ಹಾಳೆ ವಾಪಸ್ ಬಂದಾಗ ವ್ಯಾಕರಣದ ತಪ್ಪುಗಳಿಗೆ ಕೆಂಪು ಗೆರೆಗಳಿದ್ದವು. ‘ಅನಕ್ಷರಸ್ಥಳು’ ಎನ್ನುವುದಕ್ಕೆ ಬರೆದಿದ್ದ ಇಂಗ್ಲಿಷ್ ಪದದ ಸುತ್ತ ಪೆನ್ಸಿಲ್ಲಿನಲ್ಲಿ ಒಂದು ವೃತ್ತ. ಅಲ್ಲಿಂದ ಒಂದು ಬಾಣದ ಗುರುತು ಮೂರನೇ ಪ್ಯಾರಾದ ನೋಟ್‌ಬುಕ್ಕಿನವರೆಗೆ. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ. ಬೇರೇನೂ ಇರಲಿಲ್ಲ.

ನನಗೆ ಮೊದಲು ಅರ್ಥವಾಗಲಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತು ನೋಡುತ್ತಾ ನೋಡುತ್ತಾ ಅರ್ಥವಾಯಿತು. ಓದು ಬರಹ ಬಾರದವರು ನೋಟ್‌ಬುಕ್ಕು ಹೇಗೆ ಬರೆಯುತ್ತಾರೆ?

ಅಮ್ಮಿ ಬರೆಯುತ್ತಿದ್ದುದು ಉರ್ದುವಿನಲ್ಲಿ. ನಾನಾ ಅವರನ್ನು ಶಾಲೆಗೆ ಕಳಿಸಿರಲಿಲ್ಲ. ಮೊಹಲ್ಲಾದ ಒಬ್ಬ ಆಪಾ ಹತ್ತಿರ ಕುರ್‌ಆನ್ ಓದಲು ಕಲಿತು, ಅವರ ಹತ್ತಿರವೇ ಉರ್ದು ಬರೆಯಲು ಕಲಿತಿದ್ದರು. ಆ ನೋಟ್‌ಬುಕ್ಕನ್ನು ನಾನು ದಿನವೂ ನೋಡಿದ್ದೆ. ಓದು ಎಂದರೆ ಶಾಲೆ, ಶಾಲೆ ಎಂದರೆ ಕನ್ನಡ ಅಥವಾ ಇಂಗ್ಲಿಷ್ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಬಲದಿಂದ ಎಡಕ್ಕೆ ಬರೆದದ್ದು ಲೆಕ್ಕಕ್ಕೇ ಬಂದಿರಲಿಲ್ಲ.

ಮನೆಗೆ ಬಂದಾಗ ಅಮ್ಮಿ ಕುಚ್ಚು ಕಟ್ಟುತ್ತಿದ್ದರು. ಕೈಯಲ್ಲಿದ್ದ ಹಾಳೆ ನೋಡಿ, ಏನು ಬರೆದಿದ್ದೀ, ಓದು ಎಂದರು. ನಾನು ಒಂದೊಂದೇ ಸಾಲು ದಖನಿಯಲ್ಲಿ ಹೇಳುತ್ತಾ ಹೋದೆ. ಆ ಪದ ಬಂದಾಗ ಸುಳ್ಳು ಹೇಳಬಹುದಿತ್ತು, ಹೇಳಲಾಗಲಿಲ್ಲ. ಅವರ ಕೈ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ‘ತೇರೇಕು ಅಲಿಫ್-ಬೇ ಕೋನ್ ಸಿಕಾಯಾ?’ ಎಂದು ಕೇಳಿದರು. ನಿನಗೆ ಅಕ್ಷರ ಕಲಿಸಿದ್ದು ಯಾರು?

ಕಲಿಸಿದ್ದು ಅವರೇ. ನನಗೆ ಐದು ವರ್ಷವಿದ್ದಾಗ, ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡು, ಟೈಲರ್ ಚಾಕಿನಲ್ಲಿ ನೆಲದ ಮೇಲೆ ಬರೆದು ಕಲಿಸಿದ್ದರು.

ಅವರು ಬೈಯಲಿಲ್ಲ, ಅಳಲೂ ಇಲ್ಲ. ಮತ್ತೆ ಕುಚ್ಚು ಕಟ್ಟತೊಡಗಿದರು. ಆದರೆ ಆ ರಾತ್ರಿ ನನಗೆ ಇನ್ನೊಂದು ಕಾಗದ ನೆನಪಾಯಿತು. ಇದೇ ಟ್ರಸ್ಟಿನ ಅರ್ಜಿ. ಅದರಲ್ಲಿ ‘ತಾಯಿಯ ವಿದ್ಯಾಭ್ಯಾಸ’ ಎಂಬ ಕಾಲಂ ಇದೆ. ಪಿಯುಸಿಯಿಂದ ಪ್ರತಿ ವರ್ಷ ನಾನು ಅದರ ಮುಂದೆ ‘ಇಲ್ಲ’ ಎಂದು ಬರೆದಿದ್ದೆ. ಅರ್ಜಿಯ ಕೊನೆಯಲ್ಲಿ ಹೆತ್ತವರ ಸಹಿ ಎಂಬ ಜಾಗದಲ್ಲಿ ಅಮ್ಮಿ ಸಹಿ ಮಾಡಿದ್ದರು, ಉರ್ದುವಿನಲ್ಲಿ, ಪೂರ್ತಿ ಹೆಸರು. ಮೇಲೆ ‘ಇಲ್ಲ’ ಎಂದು ನಾನು ಬರೆದಿರುವುದು ಅವರಿಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅದನ್ನು ನೋಡಿದ ಯಾರೂ ಆ ಎರಡು ಜಾಗಗಳ ನಡುವೆ ಬಾಣ ಎಳೆದಿರಲಿಲ್ಲ. ನಾನೂ ಎಳೆದಿರಲಿಲ್ಲ.

ಮೇಡಂ ಹತ್ತಿರ ಹೋಗಿ, ಇನ್ನೊಂದು ಸಲ ಬರೆಯಬಹುದಾ ಎಂದು ಕೇಳಿದೆ. ಎಷ್ಟು ಸಲ ಬೇಕಾದರೂ ಬರಿ ಎಂದರು. ಮೂರು ಸಲ ಬರೆದೆ. ಆ ಮೂರು ಸಲದಲ್ಲಿ ಕಲಿತದ್ದು ಆಮೇಲೆ ಜ್ಞಾನಭಾರತಿಯಲ್ಲಿ ಎಂ.ಎ. ಮಾಡುವಾಗಲೂ ಉಪಯೋಗಕ್ಕೆ ಬಂತು, ಈಗ ಕೆಂಗೇರಿ ಕಡೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವಾಗಲೂ ಉಪಯೋಗಕ್ಕೆ ಬರುತ್ತಿದೆ. ಇಲ್ಲಿರುವ ಮಕ್ಕಳಿಗಾಗಿ ಅದರಲ್ಲಿ ಮೂರು ವಿಷಯ ಹೇಳುತ್ತೇನೆ.

ಒಂದು, ನಮ್ಮನ್ನು ಎಲ್ಲರೂ ಹೆದರಿಸುವ ‘ಎ’ ಮತ್ತು ‘ದಿ’. ಕನ್ನಡದಲ್ಲೂ ಉರ್ದುವಿನಲ್ಲೂ ಇಂಥ ಪದಗಳಿಲ್ಲ, ಅದಕ್ಕೇ ನಾವು ಎಡವುತ್ತೇವೆ. ಮೇಡಂ ಹೇಳಿದ್ದು ಇಷ್ಟು: ಓದುವವರು ನಿನ್ನ ತಾಯಿಯ ನೋಟ್‌ಬುಕ್ಕನ್ನು ಇನ್ನೂ ನೋಡಿಲ್ಲ, ಆದ್ದರಿಂದ ಮೊದಲ ಸಲ ಯಾವುದೋ ಒಂದು ನೋಟ್‌ಬುಕ್ಕು, ಅಲ್ಲಿ ‘ಎ’. ಒಂದು ಸಲ ತೋರಿಸಿದ ಮೇಲೆ ಅದು ಇಬ್ಬರಿಗೂ ಗೊತ್ತಿರುವ ಆ ನೋಟ್‌ಬುಕ್ಕು, ಅಲ್ಲಿ ‘ದಿ’. ಎಲ್ಲ ಕಡೆಗೂ ಇದು ಸಾಲುವುದಿಲ್ಲ, ಆದರೆ ಅರ್ಧ ತಪ್ಪು ಇದರಿಂದಲೇ ಹೋಗುತ್ತದೆ. ಓದುವವರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಯೋಚಿಸುವ ಅಭ್ಯಾಸವೂ ಬರುತ್ತದೆ.

ಎರಡು, ‘ನಕ್ಕೋ’. ಗಿರಾಕಿಗಳು ಚೌಕಾಸಿ ಮಾಡಿದಾಗ ಅಮ್ಮಿ ಹೇಳುತ್ತಿದ್ದ ಪದ. ಕನ್ನಡದವರ ಹತ್ತಿರ ‘ಬೇಡ’ ಅನ್ನುತ್ತಿದ್ದರು. ಕನ್ನಡದ ‘ಬೇಡ’ ಮತ್ತು ದಖನಿಯ ‘ನಕ್ಕೋ’ ಅಕ್ಕತಂಗಿಯರ ಹಾಗೆ. ನನಗೆ ಬೇಡ ಎನ್ನುವುದಕ್ಕೂ ಅದೇ, ನೀನು ಹಾಗೆ ಮಾಡಬೇಡ ಎನ್ನುವುದಕ್ಕೂ ಅದೇ. ಇಂಗ್ಲಿಷಿನಲ್ಲಿ ಎರಡಕ್ಕೂ ಸೇರಿ ಒಂದೇ ಪದ ನನಗೆ ಸಿಗಲಿಲ್ಲ. ಪದ ಸಿಗದಿದ್ದರೆ ನಮ್ಮ ಭಾಷೆ ಕಡಿಮೆ ಎಂದು ಅರ್ಥವಲ್ಲ ಎಂದು ಅವತ್ತು ಗೊತ್ತಾಯಿತು. ಕೊನೆಗೆ ‘ನಕ್ಕೋ’ ಎಂದೇ ಬರೆದೆ. ಅದನ್ನು ಹೇಳುವಾಗ ಅಮ್ಮಿ ಸೀರೆಯನ್ನು ಮಡಚಿ ಗಿರಾಕಿಯ ಕಡೆ ಸರಿಸುತ್ತಿದ್ದರು ಎಂದು ಪಕ್ಕದಲ್ಲೇ ಬರೆದೆ. ಮೇಡಮ್‌ಗೆ ದಖನಿ ಬಾರದು, ಆದರೂ ಅರ್ಥವಾಯಿತು.

ಮೂರನೆಯದು ನನಗೆ ತುಂಬ ಕಷ್ಟ ಕೊಟ್ಟಿದ್ದು. ಕನ್ನಡದಲ್ಲಿ ನಾನು ಅಮ್ಮಿಯನ್ನು ‘ಅವರು’ ಅನ್ನುತ್ತೇನೆ. ಇಂಗ್ಲಿಷಿನಲ್ಲಿ ‘ಶಿ’ ಎಂದು ಬರೆಯುವಾಗಲೆಲ್ಲ ‘ಅವಳು’ ಎಂದ ಹಾಗಾಗಿ ಕೈ ತಡೆಯುತ್ತಿತ್ತು. ಆ ಪದದಲ್ಲಿ ಗೌರವ ಇಡಲು ಜಾಗವಿಲ್ಲ. ಹಾಗಾದರೆ ಎಲ್ಲಿ ಇಡುವುದು? ಅವರು ಮಾಡುವ ಕೆಲಸವನ್ನು ಸರಿಯಾಗಿ ನೋಡಿ, ಸರಿಯಾಗಿ ಬರೆಯುವುದರಲ್ಲಿ ಇಡಬೇಕು. ಮೊದಲ ಕರಡಿನಲ್ಲಿದ್ದ ‘ಬಡ’, ‘ಪಾಪದ’, ‘ಕಷ್ಟಪಡುವ’ ಎಂಬ ಪದಗಳನ್ನು ಒಂದೊಂದಾಗಿ ಹೊಡೆದುಹಾಕಿದೆ. ಅವುಗಳ ಬದಲು ನೋಟ್‌ಬುಕ್ಕಿನ ಒಂದು ಪುಟವನ್ನು ಇದ್ದ ಹಾಗೆ ಬರೆದೆ. ಮೂರನೇ ಕ್ರಾಸ್ ಆಂಟಿ, ಹಸಿರು ಮೈಸೂರು ಸಿಲ್ಕ್, ಫಾಲ್ಸ್ ಮತ್ತು ಕುಚ್ಚು, ಶುಕ್ರವಾರ. ಕನ್ನಡದ ಹೆಸರುಗಳು, ಇಂಗ್ಲಿಷಿನ ‘ಫಾಲ್ಸ್’, ಎಲ್ಲವೂ ಉರ್ದು ಅಕ್ಷರದಲ್ಲಿ. ಮೂರು ಭಾಷೆಯ ಲೆಕ್ಕವನ್ನು ಒಂದೇ ಲಿಪಿಯಲ್ಲಿ ಇಟ್ಟಿದ್ದವರನ್ನು ನಾನು ಅನಕ್ಷರಸ್ಥಳು ಎಂದಿದ್ದೆ.

ಮೂರನೇ ಕರಡಿಗೂ ಪೂರ್ತಿ ಅಂಕ ಬರಲಿಲ್ಲ. ಹತ್ತಕ್ಕೆ ಆರು. ವ್ಯಾಕರಣ ಇನ್ನೂ ಸುಧಾರಿಸಬೇಕಿತ್ತು. ಆದರೆ ಆ ಪ್ರಶ್ನೆ ಚಿಹ್ನೆ ಇರಲಿಲ್ಲ. ಅಮ್ಮಿಗೆ ಅದನ್ನೂ ಓದಿ ಹೇಳಿದೆ. ಕೇಳಿ, ಮೂರನೇ ಕ್ರಾಸಿನವರದ್ದು ಹಸಿರು ಅಲ್ಲ, ಗಿಳಿಹಸಿರು ಎಂದು ತಿದ್ದಿದರು.

ಹೆತ್ತವರೇ, ಇದು ನನ್ನೊಬ್ಬಳ ಕಥೆ ಅಲ್ಲ ಎಂದು ನಿಮಗೂ ಗೊತ್ತಿರುತ್ತದೆ. ಇಂಗ್ಲಿಷ್ ಕಲಿಯಬೇಕಾದರೆ ಮನೆಯ ಭಾಷೆಯನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಬರಬೇಕು ಎಂದು ನಮ್ಮ ಮಕ್ಕಳು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ನಾವೇ ಹಾಗೆ ಹೇಳಿಕೊಡುತ್ತೇವೆ. ನಮ್ಮ ನಾಡಿನಲ್ಲೇ ನಡೆದದ್ದು ನೋಡಿ.

2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾಯಿತು. ಬಂದಿದ್ದು ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ‘ಹಾರ್ಟ್ ಲ್ಯಾಂಪ್’ ಪುಸ್ತಕಕ್ಕೆ. ಇಂಗ್ಲಿಷಿಗೆ ತಂದವರು ಕೊಡಗಿನ ದೀಪಾ ಭಾಸ್ತಿ. ಕನ್ನಡದ ಪುಸ್ತಕವೊಂದಕ್ಕೆ ಈ ಪ್ರಶಸ್ತಿ ಬಂದದ್ದು ಇದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಇದೇ ಮೊದಲು. ಐವತ್ತು ಸಾವಿರ ಪೌಂಡಿನ ಬಹುಮಾನವನ್ನು ಬರೆದವರಿಗೂ ಅನುವಾದ ಮಾಡಿದವರಿಗೂ ಸಮನಾಗಿ ಹಂಚುತ್ತಾರೆ. ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕು ಎಂಬ ಷರತ್ತಿತ್ತಂತೆ. ಅವರು ಕೆಲವೇ ದಿನಗಳಲ್ಲಿ ಬರೆಯಲು ಶುರುಮಾಡಿದರು. ಇಂಗ್ಲಿಷ್ ಪುಸ್ತಕದಲ್ಲಿ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಹಾಕದೆ, ಅಡಿಟಿಪ್ಪಣಿ ಕೊಡದೆ ಹಾಗೇ ಉಳಿಸಿದ್ದಾರೆ. ಅದನ್ನು ಓದಿದಾಗ ನನಗೆ ನನ್ನ ‘ನಕ್ಕೋ’ ನೆನಪಾಯಿತು.

ಇನ್ನೂ ಹಿಂದೆ ಹೋದರೆ, ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಮೊದಲು ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದರು. 1922ರಲ್ಲಿ ಅವರ ಇಂಗ್ಲಿಷ್ ಕವನಗಳ ಪುಸ್ತಕವೂ ಬಂತು. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಅವರಿಗೆ ಹೇಳಿದವರು ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ. ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರು ಕಾಲೇಜಿನಲ್ಲಿ ಪಾಠ ಮಾಡಿದ್ದು ಭೂವಿಜ್ಞಾನ, ಬರೆದದ್ದು ಕನ್ನಡ ಕವಿತೆ, ಕನ್ನಡಕ್ಕೆ ತಂದದ್ದು ಶೇಕ್ಸ್‌ಪಿಯರನ ನಾಟಕ. ಇವರಲ್ಲಿ ಯಾರೂ ಒಂದು ಭಾಷೆಗಾಗಿ ಇನ್ನೊಂದನ್ನು ಮುಚ್ಚಿಡಲಿಲ್ಲ.

ಈಗ ಮಕ್ಕಳಿಗೆ ಎರಡು ಮಾತು. ವಾರಕ್ಕೊಂದು ಪುಟ ಬರೆಯಿರಿ. ಊಟಿಯ ಬಗ್ಗೆ ಬೇಡ, ನೀವು ಊಟಿಗೆ ಹೋಗಿದ್ದರೆ ಬೇರೆ ಮಾತು. ಅಬ್ಬಾ ಗಾಡಿಯ ಪಂಕ್ಚರ್ ಹಾಕುವುದು, ಅಮ್ಮಿ ಊದುಬತ್ತಿ ಹೊಸೆಯುವುದು, ಮೆಟ್ರೋದಲ್ಲಿ ಕೆಂಗೇರಿವರೆಗೆ ನಿಂತುಕೊಂಡು ಹೋದದ್ದು, ಏನಾದರೂ ಸರಿ, ನೀವೇ ನೋಡಿದ್ದನ್ನು ಬರೆಯಿರಿ. ಬರೆದದ್ದನ್ನು ಯಾರ ಬಗ್ಗೆ ಬರೆದಿದ್ದೀರೋ ಅವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ. ಹೇಳಲು ನಾಲಿಗೆ ತಡವರಿಸಿದ ಜಾಗದಲ್ಲಿ ಏನೋ ತಪ್ಪಿದೆ ಎಂದು ತಿಳಿಯಿರಿ. ಪುಸ್ತಕ ಕೊಳ್ಳಲು ಆಗದಿದ್ದರೆ ವಿಜಯನಗರದ ಹಂಪಿನಗರದಲ್ಲಿ ಸಾರ್ವಜನಿಕ ಗ್ರಂಥಾಲಯವಿದೆ. ನಾನು ಬಿ.ಎ. ಮುಗಿಸಿದ್ದೇ ಅಲ್ಲಿಯ ಬೆಂಚಿನ ಮೇಲೆ.

ಹೆತ್ತವರಿಗೆ ಒಂದು ಮಾತು. ಮಗಳು ಇಂಗ್ಲಿಷ್ ಸಾಹಿತ್ಯ ಓದುತ್ತೇನೆ ಎಂದರೆ, ಅದರಿಂದ ಏನು ಕೆಲಸ ಸಿಗುತ್ತದೆ ಎಂದು ಕೇಳುವುದು ತಪ್ಪಲ್ಲ. ಬಿ.ಎಡ್. ಮಾಡಿ ಶಿಕ್ಷಕಿಯಾಗಬಹುದು, ಅನುವಾದ ಮಾಡಬಹುದು, ಕಚೇರಿಗಳಲ್ಲಿ ಬರೆಯುವ ಕೆಲಸವೂ ಇದೆ. ಸಂಬಳ ಎಂಜಿನಿಯರಿನಷ್ಟು ಬರುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಮನೆಯ ಬಗ್ಗೆ ನಾಲ್ಕು ಜನ ಬರೆದಾಗ, ಅದರಲ್ಲಿ ಯಾವ ಪದ ಸರಿ, ಯಾವ ಪದ ತಪ್ಪು ಎಂದು ಹೇಳಬಲ್ಲ ಒಬ್ಬರಾದರೂ ಮನೆಯಲ್ಲಿರುತ್ತಾರೆ.

ದಾನಿಗಳಲ್ಲಿ ಒಂದು ವಿನಂತಿ. ನೀವು ಕಟ್ಟಿದ ಫೀಸಿನಿಂದ ನಾನು ಕಾಲೇಜಿನೊಳಗೆ ಹೋದೆ. ಅದನ್ನು ಮರೆಯುವುದಿಲ್ಲ, ಜಝಾಕಲ್ಲಾಹು ಖೈರ್. ಆದರೆ ನನ್ನನ್ನು ಬದಲಿಸಿದ್ದು ಒಬ್ಬರು ನನ್ನ ಹಾಳೆಯನ್ನು ಗಮನವಿಟ್ಟು ಓದಿದ್ದು. ನಿಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದೀರಿ, ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ ಕೆಲಸ ಮಾಡಿದವರಿದ್ದೀರಿ. ಭಾನುವಾರ ಒಂದು ಗಂಟೆ ಇದೇ ಹಾಲಿನಲ್ಲಿ ಕುಳಿತು ಮಕ್ಕಳು ಬರೆದದ್ದನ್ನು ಓದುವಿರಾದರೆ ಅದೂ ದೊಡ್ಡ ಸದಕಾ. ಆ ಭಾನುವಾರಗಳಿಗೆ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಿ.

ಕೊನೆಯದಾಗಿ, ಸಮಿತಿಯವರಲ್ಲಿ. ಈ ವರ್ಷದ ಅರ್ಜಿ ಅಚ್ಚಾಗುವ ಮೊದಲು ‘ತಾಯಿಯ ವಿದ್ಯಾಭ್ಯಾಸ’ ಎಂಬ ಕಾಲಮ್ಮಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ತಾಯಿ ಯಾವ ಭಾಷೆಯಲ್ಲಿ ಓದಬಲ್ಲರು, ಬರೆಯಬಲ್ಲರು?’ ತಂದೆಗೂ ಅದೇ ಪ್ರಶ್ನೆ ಇರಲಿ. ಕಾಗದದ ಖರ್ಚು ಹೆಚ್ಚಾಗುವುದಿಲ್ಲ. ಅರ್ಜಿ ತುಂಬುವ ಹುಡುಗಿ ಪೆನ್ನು ಕೆಳಗಿಟ್ಟು ತಾಯಿಯ ಹತ್ತಿರ ಹೋಗಿ ಒಂದು ಸಲ ಕೇಳಬೇಕಾಗುತ್ತದೆ. ಆ ಒಂದು ಸಲ ಕೇಳಿದ್ದರೆ ನಾನು ಅಷ್ಟು ವರ್ಷ ‘ಇಲ್ಲ’ ಎಂದು ಬರೆಯುತ್ತಿರಲಿಲ್ಲ.

ಅಮ್ಮಿ ಇವತ್ತೂ ಹಿಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಈ ಭಾಷಣವನ್ನು ನಿನ್ನೆ ರಾತ್ರಿ ಅವರಿಗೆ ದಖನಿಯಲ್ಲಿ ಓದಿ ಹೇಳಿ, ಒಪ್ಪಿಗೆ ಪಡೆದೇ ಬಂದಿದ್ದೇನೆ. ಎರಡು ಕಡೆ ತಿದ್ದಿದ್ದಾರೆ.